ಐದು ವ್ಯಾಟ್ ಅಂತ ಯಾರು ಹೇಳಿದ್ದು?

ಹ್ಯಾಮ್ ರೇಡಿಯೊ ಗೆಳೆಯರು ಯಾರಾದರೂ "ನಂದು ಐದು ವ್ಯಾಟಿನ ಸೆಟ್ಟು, ಮನೇಲೇ ಕಟ್ಟಿದ್ದು" ಅಂದ ಕೂಡಲೇ ನನ್ನ ಬಾಯಿಂದ ಬರುವ ಮೊದಲ ಪ್ರಶ್ನೆ, "ಹೇಗೆ ಅಳೆದ್ರಿ?" ಕೆಲವರಿಗೆ ಇದು ಅಧಿಕಪ್ರಸಂಗ ಅನ್ನಿಸುತ್ತದೆ. ಹೊಸ ಸೈಟಿನಲ್ಲಿ ಮನೆ ಕಟ್ಟಿಸಿದವರ ಹತ್ತಿರ ಹೋಗಿ "ಗೋಡೆ ನೆಟ್ಟಗಿದೆಯಾ?" ಅಂತ ಕೇಳಿದ ಹಾಗೆ. ಆದರೂ ಕೇಳುತ್ತೇನೆ. ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಪವರ್ ಮೀಟರ್ ತೋರಿಸ್ತು ಸಾರ್." ಆ ಮೀಟರ್ ಎಲ್ಲಿಂದ ಬಂತು? ಅದನ್ನೂ ಮನೆಯಲ್ಲೇ ಕಟ್ಟಿದ್ದು. ಸರ್ಕ್ಯೂಟು ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದು, ಸ್ಕೇಲು ಕೂಡ ಅಲ್ಲಿಂದಲೇ ಪ್ರಿಂಟ್ ತೆಗೆದು ಅಂಟಿಸಿದ್ದು. ಅಂದರೆ ಇನ್ಯಾರದೋ ಮನೆಯಲ್ಲಿ, ಇನ್ಯಾವುದೋ ಡಯೋಡಿಗೆ ಹೊಂದಿದ್ದ ಸ್ಕೇಲು ಇವರ ಟ್ರಾನ್ಸ್‌ಮಿಟರಿನ ಬಗ್ಗೆ ತೀರ್ಪು ಕೊಡುತ್ತಿದೆ!

ಈ ವಿಷಯದಲ್ಲಿ ನಮ್ಮಲ್ಲಿ ಎರಡು ಪಂಗಡ. ಮೊದಲನೆಯವರು, "ಮನೆಯಲ್ಲಿ ಕಟ್ಟಿದ ಮೀಟರು ಅಂದಾಜಿಗೆ ಅಷ್ಟೇ ರೀ, ನಿಜವಾದ ಅಳತೆ ಬೇಕಾದರೆ ಲಕ್ಷಗಟ್ಟಲೆ ಬೆಲೆಯ ಉಪಕರಣ ಬೇಕು" ಅನ್ನುವವರು. ಎರಡನೆಯವರು, ಡಿಸ್‌ಪ್ಲೇಯಲ್ಲಿ ಐದಾರು ಅಂಕಿ ಕಂಡರೆ ಅದನ್ನು ವೇದವಾಕ್ಯ ಅಂತ ನಂಬುವವರು. ನನ್ನ ಪ್ರಕಾರ ಇಬ್ಬರೂ ಮಾಡುತ್ತಿರುವುದು ಒಂದೇ ಕೆಲಸ: ಕ್ಯಾಲಿಬ್ರೇಷನ್ ತಪ್ಪಿಸಿಕೊಳ್ಳುವುದು. ಒಬ್ಬರು ಆಗಲ್ಲ ಅಂತ, ಇನ್ನೊಬ್ಬರು ಬೇಡ ಅಂತ.

ಮೂಲೆ ಅಂಗಡಿ ಶೆಟ್ಟರ ತಕ್ಕಡಿಗೂ ತೂಕದ ಕಲ್ಲಿಗೂ ಕಾಲಕಾಲಕ್ಕೆ ಕಾನೂನು ಮಾಪನ ಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ಅರ್ಧ ಕೆಜಿ ಹೆಸರುಬೇಳೆಗೆ ಇಷ್ಟು ಕಟ್ಟುನಿಟ್ಟು. ನಮ್ಮ ಟ್ರಾನ್ಸ್‌ಮಿಟರಿನ ಅಲೆ ಊರು, ದೇಶ ದಾಟಿ ಹೋಗುತ್ತದೆ. ಅದನ್ನು ತೂಗುವ ತಕ್ಕಡಿಗೆ ಮಾತ್ರ ಯಾವ ಮುದ್ರೆಯೂ ಇಲ್ಲ. ಹಾಗಂತ ಸರ್ಕಾರ ಬಂದು ನಮ್ಮ ಟೇಬಲ್ ಮೇಲಿನ ಡಬ್ಬಿಗಳಿಗೆ ಮುದ್ರೆ ಒತ್ತಲಿ ಅಂತ ನಾನು ಹೇಳುತ್ತಿಲ್ಲ (ಆ ಕ್ಯೂ ನೆನೆಸಿಕೊಂಡರೇ ಭಯ!). ನಾವೇ ಒತ್ತಿಕೊಳ್ಳಬಹುದು, ಅದಕ್ಕೆ ಬೇಕಾದ ಕಲ್ಲುಗಳು ಈಗಾಗಲೇ ಮನೆಯಲ್ಲಿವೆ ಅಂತ ಹೇಳುತ್ತಿದ್ದೇನೆ.

ಯಾವುವು ಆ ಕಲ್ಲುಗಳು? ರೇಡಿಯೊ ತರಂಗಾಂತರದಲ್ಲಿ ನೇರವಾಗಿ ಅಳೆಯುವುದು ಕಷ್ಟ, ನಿಜ. ಆದರೆ ಡಿಸಿ ವೋಲ್ಟೇಜು, ಓಮು ಮತ್ತು ಸೆಕೆಂಡು ಈ ಮೂರನ್ನು ಇವತ್ತು ಸಾಮಾನ್ಯ ಮನುಷ್ಯ ಬಹಳ ಚೆನ್ನಾಗಿ ಅಳೆಯಬಲ್ಲ. ಅಗ್ಗದ ಡಿಜಿಟಲ್ ಮಲ್ಟಿಮೀಟರಿನಲ್ಲೂ ಡಿಸಿ ವೋಲ್ಟೇಜಿನ ತಪ್ಪು ಸಾಮಾನ್ಯವಾಗಿ ಶೇಕಡ 0.5ರ ಆಸುಪಾಸು. ಶೇಕಡ 1ರ ರೆಸಿಸ್ಟರುಗಳು ಎಸ್.ಪಿ. ರಸ್ತೆಯಲ್ಲಿ ಕಡಲೆಕಾಯಿಯ ಹಾಗೆ ಸಿಗುತ್ತವೆ. ಸೆಕೆಂಡಂತೂ ಜಿಪಿಎಸ್ ಉಪಗ್ರಹಗಳಿಂದ ಪುಕ್ಕಟೆ. ಆರ್‌ಎಫ್ ಮೀಟರಿನ ಪ್ರತಿ ಅಂಕಿಯನ್ನೂ ಈ ಮೂರರಲ್ಲಿ ಒಂದಕ್ಕೆ ಹಗ್ಗ ಕಟ್ಟಿ ಬಿಗಿದರೆ ಅದು ಅಳತೆ. ಇಲ್ಲದಿದ್ದರೆ ಅದು ಮುಳ್ಳು ಅಲ್ಲಾಡಿಸುವ ಆಟಿಕೆ.

ಪವರಿನಿಂದ ಶುರು ಮಾಡೋಣ. ಮಲ್ಟಿಮೀಟರಿನ ಎಸಿ ರೇಂಜು ಇಲ್ಲಿ ಕೆಲಸಕ್ಕೆ ಬಾರದು. ಅಗ್ಗದವುಗಳಲ್ಲಿ ಅದು 400 ಹರ್ಟ್ಜ್ ದಾಟಿದರೆ ಕೈಚೆಲ್ಲುತ್ತದೆ, ನಮಗೆ ಬೇಕಿರುವುದು 7 ಮೆಗಾಹರ್ಟ್ಜ್. ಅದಕ್ಕೇ ಎಲ್ಲರೂ 50 ಓಮಿನ ಡಮ್ಮಿ ಲೋಡ್ ಮಾಡಿ, ಅದರ ಮೇಲೆ ಒಂದು ಡಯೋಡು, ಒಂದು ಕೆಪಾಸಿಟರ್ ಹಾಕಿ ಅಲೆಯ ಶಿಖರದ ವೋಲ್ಟೇಜನ್ನು ಡಿಸಿ ಮಾಡಿಕೊಳ್ಳುತ್ತಾರೆ. ಆ ವೋಲ್ಟೇಜನ್ನು ಅದರಿಂದಲೇ ಗುಣಿಸಿ 100ರಿಂದ ಭಾಗಿಸಿದರೆ ವ್ಯಾಟ್ ಬಂತು. ಲೆಕ್ಕ ಸರಿ. ಆದರೆ ಡಯೋಡು ತನ್ನ ಪಾಲನ್ನು ತಿಂದೇ ಮುಂದಕ್ಕೆ ಬಿಡುವುದು. 0.3 ವೋಲ್ಟ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. 2 ವ್ಯಾಟಿನಲ್ಲಿ ಶಿಖರ 14.14 ವೋಲ್ಟ್, ಮೀಟರು ಕಾಣುವುದು 13.84, ಅಂದರೆ 1.92 ವ್ಯಾಟ್. ಶೇಕಡ 4 ಕಡಿಮೆ, ಹೋಗಲಿ ಬಿಡಿ. ಅದೇ 100 ಮಿಲಿವ್ಯಾಟಿಗೆ ಬಂದರೆ ಮೀಟರು ತೋರಿಸುವುದು 82. 10 ಮಿಲಿವ್ಯಾಟಿಗೆ ಬಂದರೆ ಬರೀ 5, ಅರ್ಧಕ್ಕರ್ಧ ಮಾಯ! ಒಂದೇ ಮೀಟರು, ಒಂದೇ ಸೂತ್ರ. ಮೇಲ್ಗಡೆ ಸಾಧು, ಕೆಳಗಡೆ ಸುಳ್ಳುಬುರುಕ. "0.3 ಸೇರಿಸಿಕೊಂಡರೆ ಆಯ್ತಲ್ಲ" ಅನ್ನಬಹುದು. ಆದರೆ ಆ 0.3 ಕೂಡ ಸ್ಥಿರವಲ್ಲ, ಹರಿಯುವ ಕರೆಂಟಿನ ಜೊತೆ, ಬಿಸಿಯ ಜೊತೆ ಬದಲಾಗುತ್ತದೆ. ನಿಮ್ಮ ಡಯೋಡಿನದು ಎಷ್ಟು ಅಂತ ನೀವೇ ಅಳೆಯಬೇಕು.

ಅಳೆಯುವುದಕ್ಕೆ ನನಗೆ ತುಂಬಾ ಇಷ್ಟವಾದ ದಾರಿ ಶಾಖದ್ದು. ರೆಸಿಸ್ಟರಿಗೆ ಡಿಸಿಯೂ ಒಂದೇ, ಆರ್‌ಎಫ್ಫೂ ಒಂದೇ. 2 ವ್ಯಾಟ್ ಕೊಟ್ಟರೆ 2 ವ್ಯಾಟಿನಷ್ಟೇ ಬಿಸಿಯಾಗುತ್ತದೆ, ಅಲೆ ಯಾವುದು ಅಂತ ಕೇಳುವುದಿಲ್ಲ. ಹಾಗಾದರೆ ಮೊದಲು ಡಿಸಿ ಕೊಟ್ಟು ಎಷ್ಟು ಬಿಸಿಯಾಯಿತು ಅಂತ ಬರೆದಿಟ್ಟುಕೊಂಡು, ಆಮೇಲೆ ಆರ್‌ಎಫ್ ಕೊಟ್ಟು ಅಷ್ಟೇ ಬಿಸಿ ಮಾಡಿದರೆ? ಡಿಸಿಯನ್ನು ಅಳೆಯುವುದು ನಮಗೆ ಗೊತ್ತೇ ಇದೆ! ಇದು ಬಡವರ ಉಪಾಯ ಅಂದುಕೊಳ್ಳಬೇಡಿ. ಲ್ಯಾಬುಗಳಲ್ಲಿ ದಶಕಗಳ ಕಾಲ ದುಡಿದ ಎಚ್‌ಪಿ 432ಎ ಪವರ್ ಮೀಟರು ಅದರ ಥರ್ಮಿಸ್ಟರ್ ತಲೆಯ ಜೊತೆ ಮಾಡುತ್ತಿದ್ದುದೂ ಇದೇ ಡಿಸಿ ಬದಲಿ ವಿಧಾನವನ್ನು. ವ್ಯತ್ಯಾಸವಿದ್ದದ್ದು ನಯ-ನಾಜೂಕಿನಲ್ಲಿ.

ನಾನು ಮಾಡುವುದು ಹೀಗೆ. 200 ಓಮಿನ ನಾಲ್ಕು ಮೆಟಲ್ ಫಿಲ್ಮ್ ರೆಸಿಸ್ಟರುಗಳನ್ನು ಪಕ್ಕಪಕ್ಕ ಜೋಡಿಸಿದರೆ 50 ಓಮ್. ಪ್ರತಿಯೊಂದೂ 1 ವ್ಯಾಟಿನದು, ಕಾಲುಗಳನ್ನು ಆದಷ್ಟು ಮೋಟಾಗಿ ಕತ್ತರಿಸಿರಬೇಕು. (ಬಿಳಿ ಸಿಮೆಂಟಿನ ರೆಸಿಸ್ಟರು ಬೇಡವೇ ಬೇಡ, ಅದರೊಳಗಿರುವುದು ಸುರುಳಿ ಸುತ್ತಿದ ತಂತಿ, ಆರ್‌ಎಫ್‌ಗೆ ಅದು ಕಾಯಿಲ್.) ನಡುವೆ ಒಂದು ಎಲ್‌ಎಂ35 ಉಷ್ಣತಾ ಸಂವೇದಕ, ಸ್ವಲ್ಪ ಥರ್ಮಲ್ ಪೇಸ್ಟು, ಹೊರಗೆ ಡಬ್ಬಿ. ಎಲ್‌ಎಂ35 ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ಹಾಗಾಗಿ ಅದೇ ಮಲ್ಟಿಮೀಟರಿನಲ್ಲಿ 0.1 ಡಿಗ್ರಿಯವರೆಗೆ ಓದಬಹುದು. ಇನ್ನೊಂದು ಎಲ್‌ಎಂ35 ಡಬ್ಬಿಯ ಆಚೆ, ಕೋಣೆಯ ಬಿಸಿ ನೋಡಲು. ನಮಗೆ ಬೇಕಾದದ್ದು ಎರಡರ ವ್ಯತ್ಯಾಸ.

ಬೆಂಚ್ ಸಪ್ಲೈನಿಂದ ಸರಿಯಾಗಿ 10 ವೋಲ್ಟ್ ಕೊಡಿ. 50 ಓಮಿಗೆ 10 ವೋಲ್ಟ್ ಅಂದರೆ 2 ವ್ಯಾಟ್, ಎಷ್ಟು ಚಂದದ ಸಂಖ್ಯೆ ನೋಡಿ. ಇಪ್ಪತ್ತು ನಿಮಿಷ ಕಾಯಿರಿ. ಬಿಸಿ ಏರುವುದು ನಿಂತಾಗ ಬರೆದುಕೊಳ್ಳಿ. ಆಮೇಲೆ 8.66 ವೋಲ್ಟಿಗೆ (1.5 ವ್ಯಾಟ್), ಕೊನೆಗೆ 11.18 ವೋಲ್ಟಿಗೆ (2.5 ವ್ಯಾಟ್) ಇದೇ ಕೆಲಸ. ಮೂರು ಚುಕ್ಕೆ ಸಿಕ್ಕಿದವು, ಗೆರೆ ಎಳೆಯಿರಿ. ಈಗ ಟ್ರಾನ್ಸ್‌ಮಿಟರನ್ನು 2 ವ್ಯಾಟಿನ ಆಸುಪಾಸಿಗೆ ಇಳಿಸಿ, ಕೀ ಒತ್ತಿ ಹಿಡಿದು, ಮತ್ತೆ ಇಪ್ಪತ್ತು ನಿಮಿಷ. ಬಂದ ಉಷ್ಣತೆಯನ್ನು ಗೆರೆಯ ಮೇಲೆ ಹುಡುಕಿದರೆ ಪವರ್ ಎಷ್ಟು ಅಂತ ಗೊತ್ತಾಯಿತು. ಅದೇ ಹೊತ್ತಿಗೆ ಡಯೋಡ್ ಮೀಟರು ಏನು ಹೇಳಿತು ಅನ್ನುವುದನ್ನೂ ಬರೆದುಕೊಂಡರೆ ಡಯೋಡು ತಿಂದ ಪಾಲು ಎಷ್ಟು ಅಂತ ಲೆಕ್ಕ ಸಿಗುತ್ತದೆ. ಎಷ್ಟು ಸಲ ಮಾಡಿದರೂ ನನಗೆ ಇದು ಬೇಜಾರಾಗಿಲ್ಲ. ಆಫೀಸಿನಲ್ಲಿ ದಿನವಿಡೀ ಬರೆಯುವ ಕೋಡಿನಲ್ಲಿ ಸರಿಯುತ್ತರ ಮೊದಲೇ ಗೊತ್ತಿರುವ ಟೆಸ್ಟ್ ಕೇಸು ಅಂತ ಒಂದಿರುತ್ತದಲ್ಲ, ಇಲ್ಲಿ 10 ವೋಲ್ಟ್ ಡಿಸಿ ಅಂಥದ್ದು.

ಎರಡು ಕಡೆ ಎಚ್ಚರ ಬೇಕು. ಒಂದು, ಗಾಳಿ. ಡಿಸಿ ಅಳತೆಗೆ ಇದ್ದ ಗಾಳಿಯೇ ಆರ್‌ಎಫ್ ಅಳತೆಗೂ ಇರಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಫ್ಯಾನ್ ಆರಿಸಿಕೊಂಡು ಕೂತರೆ ಮನೆಯವರು "ಇವನಿಗೇನಾಯ್ತು?" ಅಂತ ನೋಡುತ್ತಾರೆ. ಪಾಪ ಅಂತ ಅಮ್ಮ ಬಂದು ಫ್ಯಾನ್ ಹಾಕಿ ಹೋದರೆ ಎರಡೇ ನಿಮಿಷದಲ್ಲಿ ರೀಡಿಂಗು ಇಳಿಯತೊಡಗುತ್ತದೆ! ಎರಡು, ಆರ್‌ಎಫ್ ಎಲ್‌ಎಂ35ರ ತಂತಿಯ ಮೂಲಕ ಒಳಗೆ ನುಗ್ಗಿ ಸುಳ್ಳು ಉಷ್ಣತೆ ತೋರಿಸಬಹುದು. ಪರೀಕ್ಷೆ ಸುಲಭ: ಕೀಯನ್ನು ಒಂದು ಕ್ಷಣ ಬಿಡಿ. ನಿಜವಾದ ಬಿಸಿ ಒಂದು ಕ್ಷಣದಲ್ಲಿ ಇಳಿಯುವುದಿಲ್ಲ. ರೀಡಿಂಗು ಟಕ್ಕಂತ ಜಿಗಿದರೆ ಅದು ಆರ್‌ಎಫ್‌ನ ಕಿತಾಪತಿ. ಸಂವೇದಕದ ಕಾಲಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರು, ತಂತಿಗೆ ಒಂದು ಫೆರೈಟ್ ಮಣಿ ಹಾಕಿ ಮತ್ತೆ ನೋಡಿ.

ವೋಲ್ಟೇಜಿನ ತಪ್ಪು, ರೆಸಿಸ್ಟರಿನ ತಪ್ಪು, ಉಷ್ಣತೆ ಓದುವುದರಲ್ಲಿ ಆಗುವ ತಪ್ಪು ಎಲ್ಲ ಸೇರಿಸಿದರೂ ಶೇಕಡ 3ರ ಒಳಗೆ ಬರುತ್ತೇನೆ ಅಂತ ನನ್ನ ಲೆಕ್ಕ. ಡೆಸಿಬೆಲ್‌ನಲ್ಲಿ ಹೇಳಿದರೆ 0.13. ಅಡುಗೆಮನೆಯ ಪಕ್ಕದ ಟೇಬಲ್ಲಿಗೆ ಇದು ಕಡಿಮೆ ಸಾಧನೆಯೇ?

ಪವರಿನ ಒಂದು ಚುಕ್ಕೆ ಗಟ್ಟಿಯಾದ ಮೇಲೆ ಅಲ್ಲಿಂದ ಕೆಳಗಿಳಿಯುವುದು ಮೆಟ್ಟಿಲು ಇಳಿದ ಹಾಗೆ. ಮೆಟ್ಟಿಲು ಅಂದರೆ ಅಟೆನ್ಯುಯೇಟರ್. 20 ಡೆಸಿಬೆಲ್‌ನ ಪೈ ಪ್ಯಾಡಿಗೆ ಅಕ್ಕಪಕ್ಕ 61 ಓಮಿನ ಎರಡು, ನಡುವೆ 247 ಓಮಿನ ಒಂದು ರೆಸಿಸ್ಟರು ಬೇಕು. ಅಂಗಡಿಯಲ್ಲಿ ಈ ಬೆಲೆಗಳೇ ಸಿಗುವುದಿಲ್ಲ, ಎರಡನ್ನು ಜೋಡಿಸಿ ಬರಿಸಿಕೊಳ್ಳಬೇಕು. ಇದನ್ನೂ ಡಿಸಿಯಲ್ಲೇ ಪರೀಕ್ಷಿಸಬಹುದು: ಕೊನೆಗೆ 50 ಓಮ್ ಹಾಕಿ ಈ ಕಡೆ 5 ವೋಲ್ಟ್ ಕೊಟ್ಟರೆ ಆ ಕಡೆ 0.5 ವೋಲ್ಟ್ ಬರಬೇಕು. ನೆನಪಿಡಿ, 2 ವ್ಯಾಟ್ ಕೊಡುವಾಗ ಮೊದಲ ಪ್ಯಾಡಿನ ಮುಂಭಾಗದ ರೆಸಿಸ್ಟರೊಂದೇ 1.6 ವ್ಯಾಟ್ ತಿನ್ನುತ್ತದೆ, ಕಾಲು ವ್ಯಾಟಿನದು ಹಾಕಿದರೆ ಹೊಗೆ. ಒಂದೊಂದು ಪ್ಯಾಡನ್ನೂ ತಗಡಿನ ಪ್ರತ್ಯೇಕ ಕೋಣೆಯಲ್ಲಿಡಿ. ಇಲ್ಲದಿದ್ದರೆ ಸಿಗ್ನಲ್ಲು ಪ್ಯಾಡಿನ ಒಳಗೆ ಹೋಗುವ ಬದಲು ಮೇಲಿಂದಲೇ ಹಾರಿ ಹೋಗುತ್ತದೆ.

ಸಣ್ಣ ಪವರ್ ಅಳೆಯಲು ಮನೆಯಲ್ಲಿ ಕಟ್ಟುವವರೆಲ್ಲ ನೆಚ್ಚಿಕೊಂಡಿರುವ ಚಿಪ್ಪು ಎಡಿ8307. ವೆಸ್ ಹೇವರ್ಡ್ ಮತ್ತು ಬಾಬ್ ಲಾರ್ಕಿನ್ 2001ರ ಜೂನ್ ಕ್ಯೂಎಸ್‌ಟಿ ಪತ್ರಿಕೆಯಲ್ಲಿ ಇದರಿಂದ ಕಟ್ಟಿದ ಸರಳ ಪವರ್ ಮೀಟರಿನ ಬಗ್ಗೆ ಬರೆದಿದ್ದರು, ಅದರ ಮಕ್ಕಳು ಮೊಮ್ಮಕ್ಕಳು ಇವತ್ತು ಜಗತ್ತಿನ ತುಂಬಾ ಇದ್ದಾರೆ. ಬಿಟ್‌ಎಕ್ಸ್ ಸೆಟ್ಟಿನಿಂದ ಹೆಸರಾದ ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಸ್ವೀಪರಿನೊದಲ್ಲೂ ಇದೇ ಚಿಪ್ಪು. ಇದು ಪ್ರತಿ ಡೆಸಿಬೆಲ್‌ಗೆ 25 ಮಿಲಿವೋಲ್ಟ್ ಕೊಡುತ್ತದೆ ಅಂತ ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಡೇಟಾಶೀಟನ್ನು ಪೂರ್ತಿ ಓದಿದರೆ ಅದು 23ರಿಂದ 27ರವರೆಗೆ ಎಷ್ಟಾದರೂ ಇರಬಹುದು.

ಇದರಿಂದೇನು ಮಹಾ ಅನ್ನುವವರಿಗೆ ಒಂದು ಲೆಕ್ಕ. ಟ್ರಾನ್ಸ್‌ಮಿಟರಿನಿಂದ ಬೇಕಾದ ತರಂಗಾಂತರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟಿನ ಹಾರ್ಮೋನಿಕ್ಕುಗಳೂ ಹೊರಬೀಳುತ್ತವೆ. ಅಮೆರಿಕದ ಎಫ್‌ಸಿಸಿ ನಿಯಮದಂತೆ 2003ರ ಜನವರಿ 1ರ ನಂತರದ ಎಚ್‌ಎಫ್ ಹ್ಯಾಮ್ ಟ್ರಾನ್ಸ್‌ಮಿಟರುಗಳಲ್ಲಿ ಇಂಥ ಕಸ ಮುಖ್ಯ ಸಿಗ್ನಲ್ಲಿಗಿಂತ ಕನಿಷ್ಠ 43 ಡೆಸಿಬೆಲ್ ಕೆಳಗಿರಬೇಕು. ಮನೆಯಲ್ಲಿ ಕಟ್ಟುವವರು ಇಲ್ಲೂ ಇದೇ ಅಂಕಿಯನ್ನು ಗುರಿಯಾಗಿ ಇಟ್ಟುಕೊಳ್ಳುವುದುಂಟು. ನಿಮ್ಮ ಸ್ಪೆಕ್ಟ್ರಂ ಅನಲೈಸರಿನ ಕೊನೆಯಲ್ಲಿರುವ ಎಡಿ8307 ನಿಜಕ್ಕೂ 27 ಮಿಲಿವೋಲ್ಟಿನದಾಗಿದ್ದು, ಪ್ರೋಗ್ರಾಮಿನಲ್ಲಿ ನೀವು 25 ಅಂತ ಬರೆದಿದ್ದರೆ, 40 ಡೆಸಿಬೆಲ್ ಕೆಳಗಿರುವ ಹಾರ್ಮೋನಿಕ್ಕು 43.2 ಕೆಳಗಿದ್ದ ಹಾಗೆ ಕಾಣುತ್ತದೆ. ಪಾಸ್! ಫೋಟೊ ತೆಗೆದು ಎಲ್ಲರಿಗೂ ಕಳಿಸಿದ್ದೂ ಆಯಿತು. ಆದರೆ ಕಸ ನಿಜಕ್ಕೂ ಗಾಳಿಗೆ ಹೋಗುತ್ತಿದೆ, ಅನುಭವಿಸುವವನು ಮೇಲಿನ ಬ್ಯಾಂಡಿನಲ್ಲಿ ಸಣ್ಣ ಸಿಗ್ನಲ್ಲಿಗೆ ಕಿವಿಗೊಟ್ಟು ಕೂತಿರುವ ಇನ್ನೊಬ್ಬ. ತಪ್ಪು ನಮ್ಮ ಟೇಬಲ್ ಮೇಲೆ ಉಳಿಯುವುದಿಲ್ಲ, ಅದೇ ನನ್ನ ತಕರಾರು.

ಪರಿಹಾರವೋ, ಒಂದು ಸಂಜೆಯ ಕೆಲಸ. ಶಾಖದಿಂದ ಗಟ್ಟಿ ಮಾಡಿಕೊಂಡ 2 ವ್ಯಾಟ್ ಅಂದರೆ 33 ಡಿಬಿಎಂ. ಎರಡು ಪ್ಯಾಡ್ ದಾಟಿಸಿದರೆ ಮೈನಸ್ 7, ಮೂರು ದಾಟಿಸಿದರೆ ಮೈನಸ್ 27, ನಾಲ್ಕು ದಾಟಿಸಿದರೆ ಮೈನಸ್ 47. ಒಂದೊಂದು ಮೆಟ್ಟಿಲಿಗೂ ಚಿಪ್ಪಿನ ವೋಲ್ಟೇಜು ಎಷ್ಟು ಇಳಿಯಿತು ಅಂತ ನೋಡಿ 20ರಿಂದ ಭಾಗಿಸಿ. ಅದು ನಿಮ್ಮ ಚಿಪ್ಪಿನ ಸತ್ಯ. ಎರಡು ಪ್ಯಾಡುಗಳನ್ನು ಹಿಂದುಮುಂದು ಮಾಡಿ ಮತ್ತೊಮ್ಮೆ ನೋಡಿ, ಉತ್ತರ ಬದಲಾದರೆ ಎಲ್ಲೋ ಸೋರುತ್ತಿದೆ. ತಕ್ಕಡಿಯ ತಟ್ಟೆ ಅದಲುಬದಲು ಮಾಡಿ ತೂಗುವ ಹಳೇ ಜಾಣತನವೇ ಇದು.

ಇನ್ನು ನ್ಯಾನೊವಿಎನ್‌ಎ. 2019ರಿಂದೀಚೆಗೆ ಈ ಪುಟಾಣಿ ಉಪಕರಣ ಹ್ಯಾಮುಗಳ ಜೇಬಿಗೆಲ್ಲ ಬಂತು, ಒಳ್ಳೆಯದೇ ಆಯಿತು. ಮೆನುವಿನಲ್ಲಿ "ಕ್ಯಾಲಿಬ್ರೇಟ್" ಅಂತ ಇರುವುದರಿಂದ ಕ್ಯಾಲಿಬ್ರೇಷನ್ ಅಂದರೆ ಬಟನ್ ಒತ್ತುವುದು ಅನ್ನುವ ಭಾವನೆಯೂ ಜೊತೆಗೇ ಬಂತು, ಅದು ಒಳ್ಳೆಯದಾಗಲಿಲ್ಲ. ಓಪನ್, ಶಾರ್ಟ್, ಲೋಡ್ ಅಂತ ಮೂರು ತುಂಡು ಹಾಕಿ ಒತ್ತಿದಾಗ ಉಪಕರಣ ಕಲಿಯುವುದು "ಈ ಲೋಡೇ 50 ಓಮ್" ಅಂತ. ಲೋಡು ನಿಜಕ್ಕೂ 52 ಆಗಿದ್ದರೆ ಅದಕ್ಕೆ 52ನ್ನೇ 50 ಅಂತ ಹೇಳಿಕೊಟ್ಟ ಹಾಗಾಯಿತು. 52ಕ್ಕೂ 50ಕ್ಕೂ ನಡುವಿನ ರಿಟರ್ನ್ ಲಾಸ್ 34 ಡೆಸಿಬೆಲ್. ಅಂಥ ಲೋಡು ಇಟ್ಟುಕೊಂಡು "ನನ್ನ ಆಂಟೆನಾ 45 ಡೆಸಿಬೆಲ್" ಅನ್ನುವುದರಲ್ಲಿ ಅರ್ಥವಿಲ್ಲ. ಆ ತುಂಡನ್ನು ಒಮ್ಮೆ ಮಲ್ಟಿಮೀಟರಿನಿಂದ ಅಳೆಯುವುದಕ್ಕೆ ಹತ್ತು ಸೆಕೆಂಡು ಸಾಕು (ಪ್ರೋಬ್ ತಂತಿಯ ಓಮನ್ನು ಕಳೆಯುವುದು ಮರೆಯಬೇಡಿ). ಮೂರು ರೆಸಿಸ್ಟರಿನ ಮನೆಬ್ರಿಡ್ಜ್ ಕಟ್ಟಿದವರಿಗೆ ಇನ್ನೂ ಸುಲಭ: ಓಪನ್ನಿಗೂ ಶಾರ್ಟಿಗೂ ಒಂದೇ ರೀಡಿಂಗು ಬರಬೇಕು, 100 ಓಮಿಗೆ 9.5 ಡೆಸಿಬೆಲ್, 75 ಓಮಿಗೆ 14.

ಫ್ರೀಕ್ವೆನ್ಸಿ ಕೌಂಟರಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಮೂರರಲ್ಲಿ ಇದೇ ಸುಲಭದ್ದು. ಒಂದು ಕಾಲದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಎಟಿಎ ಅನ್ನುವ ಹೆಸರಿನಲ್ಲಿ 10 ಮೆಗಾಹರ್ಟ್ಜ್‌ನಲ್ಲಿ ಸಮಯದ ಸಂಕೇತ ಕಳಿಸುತ್ತಿತ್ತು, ಹಿರಿಯ ಹ್ಯಾಮುಗಳು ಅದಕ್ಕೇ ತಾಳೆ ಹಾಕುತ್ತಿದ್ದರು. ಈಗ ಅದಿಲ್ಲ. ಆದರೆ ಸಣ್ಣ ಜಿಪಿಎಸ್ ಮಾಡ್ಯೂಲು ಸೆಕೆಂಡಿಗೊಂದು ಪಲ್ಸ್ ಕೊಡುತ್ತದೆ. ಅಂಥ ಹತ್ತು ಪಲ್ಸುಗಳ ಅವಧಿಯಲ್ಲಿ ನಿಮ್ಮ ಕ್ರಿಸ್ಟಲ್ ಎಷ್ಟು ಸಲ ಮಿಡಿಯಿತು ಅಂತ ಎಣಿಸಿದರೆ 0.1 ಹರ್ಟ್ಜ್‌ವರೆಗೆ ಗೊತ್ತಾಗುತ್ತದೆ. ಅಗ್ಗದ ಕ್ರಿಸ್ಟಲ್ಲು ಹತ್ತು ಲಕ್ಷಕ್ಕೆ 30 ತಪ್ಪಿದರೆ 7 ಮೆಗಾಹರ್ಟ್ಜ್‌ನಲ್ಲಿ 210 ಹರ್ಟ್ಜ್ ಆಚೀಚೆ. ಎಂಟು ಅಂಕಿಯ ಡಿಸ್‌ಪ್ಲೇಯಲ್ಲಿ ಕೊನೆಯ ಮೂರು ಅಂಕಿ ಬರೀ ಅಲಂಕಾರ.

ಹವ್ಯಾಸಕ್ಕೆ ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಹವ್ಯಾಸ ಆದ್ದರಿಂದಲೇ ಬೇಕು ಅನ್ನುತ್ತೇನೆ ನಾನು. ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಏನು ನಡೆಯುತ್ತದೆ ಅಂತ ಓದಿದವರಿಗೆಲ್ಲ ಗೊತ್ತು. ರೆಕಾರ್ಡ್ ಪುಸ್ತಕದಲ್ಲಿ ಉತ್ತರ ಥಿಯರಿಗೆ ಹೊಂದಿರಬೇಕು, ಹೊಂದದಿದ್ದರೆ ಸಹಿ ಇಲ್ಲ. ಸಿಗ್ನಲ್ ಜನರೇಟರಿನ ಗುಂಡಿ ಮುರಿದಿದ್ದರೂ ಪ್ರತಿ ಬ್ಯಾಚಿನ ಗ್ರಾಫೂ ಅಚ್ಚುಕಟ್ಟು! ಅಳತೆಗೆ ತಪ್ಪಿನ ಅಂದಾಜು ಅಂತ ಒಂದಿರುತ್ತದೆ ಅಂತ ಹೇಳಿಕೊಟ್ಟವರು ನನಗೆ ನಾಲ್ಕು ವರ್ಷದಲ್ಲಿ ಸಿಗಲಿಲ್ಲ. ಮಾರ್ಕ್ಸಿಲ್ಲದ, ಸಹಿ ಹಾಕುವವರಿಲ್ಲದ ಜಾಗ ಅಂದರೆ ನಮ್ಮ ಮನೆಯ ಟೇಬಲ್ಲು ಒಂದೇ. ಅಲ್ಲೂ ಬೇರೆಯವರ ಸ್ಕೇಲ್ ಅಂಟಿಸಿಕೊಂಡು ಕೂರಬೇಕಾ?

ನಾನು ಹೇಳಿದ್ದೆಲ್ಲ 30 ಮೆಗಾಹರ್ಟ್ಜ್‌ವರೆಗಿನ ಮಾತು. ಅದರಾಚೆ ರೆಸಿಸ್ಟರಿನ ಕಾಲೇ ಶತ್ರು. ಒಂದು ಸೆಂಟಿಮೀಟರ್ ತಂತಿಯ ಇಂಡಕ್ಟೆನ್ಸ್ 10 ನ್ಯಾನೊಹೆನ್ರಿ ಅಂತಿಟ್ಟುಕೊಂಡರೆ 7 ಮೆಗಾಹರ್ಟ್ಜ್‌ನಲ್ಲಿ ಅದು ಅರ್ಧ ಓಮೂ ಇಲ್ಲ, 30ರಲ್ಲಿ ಸುಮಾರು 2 ಓಮ್, 435ರಲ್ಲಿ 27 ಓಮ್! ಅಲ್ಲಿ ಕಾಲಿಲ್ಲದ ಎಸ್‌ಎಂಡಿ ರೆಸಿಸ್ಟರು, ಒಳ್ಳೆಯ ಕನೆಕ್ಟರು ಬೇಕು. ಡಿಸಿಯಲ್ಲಿ ಸರಿ ಇದ್ದ ಪ್ಯಾಡು ಅಲ್ಲಿ ಸರಿ ಇರುತ್ತದೆ ಅನ್ನುವ ಭರವಸೆಯೂ ಇಲ್ಲ. ಯುಎಚ್‌ಎಫ್ ಮಾಡುವವರು ಅದರ ಬಗ್ಗೆ ಬರೆದರೆ ಓದಲು ನಾನು ಮೊದಲು ಕೂರುತ್ತೇನೆ.

ನನ್ನ ಪವರ್ ಮೀಟರಿನ ಡಬ್ಬಿಯ ಹಿಂದೆ ಒಂದು ಚೀಟಿ ಅಂಟಿಸಿದ್ದೇನೆ: ಯಾವತ್ತು ತಾಳೆ ನೋಡಿದ್ದು, ಯಾವ ಮಲ್ಟಿಮೀಟರಿನ ಆಧಾರದ ಮೇಲೆ, ಯಾವ ತರಂಗಾಂತರದಲ್ಲಿ, ತಪ್ಪು ಎಷ್ಟಿರಬಹುದು. ನಾಲ್ಕೇ ಸಾಲು. ಬೆಂಗಳೂರಿನಲ್ಲಿರುವ ಯಾರಿಗಾದರೂ ತಮ್ಮ ಮೀಟರನ್ನು ನನ್ನದರ ಜೊತೆ ಇಟ್ಟು ನೋಡುವ ಮನಸ್ಸಿದ್ದರೆ ಒಂದು ಭಾನುವಾರ ಬನ್ನಿ, ಇಬ್ಬರ ಚೀಟಿಯನ್ನೂ ತಿದ್ದೋಣ. ಕಾಫಿ ಗ್ಯಾರಂಟಿ, ಫ್ಯಾನ್ ಮಾತ್ರ ಕೇಳಬೇಡಿ :)